ಕೇಳಿದವರನ್ನು ದಾರಿಗೆ ಹಚ್ಚುವುದು

ಆಗ ನನಗೆ ಇಪ್ಪತ್ತೊಂದು ವರ್ಷ. ಅದಾಗಿ ಐವತ್ತು ವರ್ಷದ ಮೇಲಾಯಿತು. ಯುದ್ಧ ನಡೆಯುತ್ತಿತ್ತು, ಸಕ್ಕರೆ ಸಿಗುತ್ತಿರಲಿಲ್ಲ, ಗಂಡ ಊರಲ್ಲಿರಲಿಲ್ಲ. ಇವುಗಳಲ್ಲಿ ನನಗೆ ಹೆಚ್ಚು ಕಷ್ಟವಾದದ್ದು ಸಕ್ಕರೆಯದು. ನನ್ನ ಅತ್ತೆಗೆ ಮಗನದು. ನಾನು ಹೇಳಹೊರಟಿರುವುದೆಲ್ಲ ನಡೆದದ್ದು ಈ ವ್ಯತ್ಯಾಸದಿಂದಲೇ.

ನಮ್ಮ ಮನೆ ಹಲಸೂರು ಕೆರೆ ಏರಿಯ ಕೆಳಗಿನ ಸಾಲಿನಲ್ಲಿತ್ತು. ಗಂಡ ಪಲ್ಟನ್ನಿನಲ್ಲಿ ಅಡುಗೆಯವನು. ಮದುವೆಯಾಗಿ ವರ್ಷ ತುಂಬುವ ಮೊದಲೇ ಹಡಗು ಹತ್ತಿಸಿದರು. ಮೊದಲು ಈಜಿಪ್ಟ್ ಅಂದರು, ಆಮೇಲೆ ಬರ್ಮಾ ಕಡೆ ಅಂದರು, ಆಮೇಲೆ ಯಾರೂ ಏನೂ ಅನ್ನಲಿಲ್ಲ. ಮನೆಯಲ್ಲಿ ಉಳಿದವರು ನಾನು, ಅತ್ತೆ, ಒಂದು ಕೋಳಿ. ಮಾವನ ಕಾಲದಲ್ಲೇ ಬುದ್ಧನ ಕಡೆ ಹೋದ ಮನೆ ನಮ್ಮದು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ದೀಪ, ಅಷ್ಟೇ. ಶಕುನ, ದೃಷ್ಟಿ, ಹರಕೆ ಈ ಮನೆಯಲ್ಲಿ ಇಲ್ಲ ಎಂದು ಮಾವ ಸಾಯುವವರೆಗೂ ಹೇಳಿದರು. ಅವರು ಸತ್ತ ಮೇಲೆ ಅತ್ತೆ ಅವನ್ನೆಲ್ಲ ಒಂದೊಂದಾಗಿ ವಾಪಸು ತಂದರು.

ನಮ್ಮ ಬೀದಿಯ ಹೆಂಗಸರಿಗೆ ಅಕ್ಷರ ಕಲಿಸಲು ಒಬ್ಬ ಮೇಷ್ಟ್ರು ಬರುತ್ತಿದ್ದರು. ಕೆಲಸದಿಂದ ನಿವೃತ್ತರು, ಒಂಟಿ, ಸುಮ್ಮನೆ ಕೂರಲಾಗದ ಜೀವ. ನನಗೆ ಅಕ್ಷರ ಅಷ್ಟಾಗಿ ಹತ್ತಲಿಲ್ಲ. ಈಗಲೂ ದೊಡ್ಡ ಒತ್ತು ಎದುರಾದರೆ ಸುತ್ತು ಹಾಕಿಕೊಂಡು ಹೋಗುತ್ತೇನೆ. ಆದರೆ ಪಾಠದ ಹೊತ್ತಿನಲ್ಲಿ ಬಾಯಿ ಮುಚ್ಚಿ ಕೂತವಳಲ್ಲ.

ಮೇಷ್ಟ್ರಿಗೆ ಒಂದು ಸಂಕಟವಿತ್ತು. ಭಾನುವಾರ ಏರಿಯ ಮೇಲೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಪೇಟೆಯಿಂದ ಗಾಳಿಗೆ ಬರುವ ಸಂಸಾರಗಳು, ಮದ್ರಾಸ್ ರಸ್ತೆ ಹಿಡಿದು ಹೋಗುವ ಪರಸ್ಥಳದವರು, ಎಲ್ಲಕ್ಕಿಂತ ಹೆಚ್ಚಾಗಿ ಸಿಪಾಯಿಗಳು. ಪಂಜಾಬಿನವರು, ಗೂರ್ಖರು, ಬಿಳಿಯರು, ಆಫ್ರಿಕದ ಎತ್ತರದ ಆಳುಗಳು. ಇದು ಯಾವ ಜಾಗ, ಇಲ್ಲಿ ಯಾರಿದ್ದರು ಎಂದು ಅವರು ಕೇಳಿದರೆ ಕಡಲೆಕಾಯಿ ಮಾರುವವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ಯಾವನೋ ದೊರೆ ತನ್ನ ಆನೆ ಸತ್ತ ದುಃಖಕ್ಕೆ ಅತ್ತೂ ಅತ್ತೂ ಈ ಕೆರೆ ತುಂಬಿತು ಎಂದು ಅವನು ಹೇಳಿದ್ದನ್ನು ಮೇಷ್ಟ್ರು ತಮ್ಮ ಕಿವಿಯಾರೆ ಕೇಳಿದರಂತೆ. ಅವತ್ತು ಅವರಿಗೆ ಊಟ ಸೇರಲಿಲ್ಲವಂತೆ.

"ಏರಿ ಎಲ್ಲಾರ್ದೂ ಕಣಮ್ಮ. ಅದರ ಚರಿತ್ರೆನೂ ಎಲ್ಲಾರ್ದೂ. ರಾಜ್ರದ್ದು, ದೇವಸ್ಥಾನದ್ದು ನಾನು ಹೇಳ್ತೀನಿ. ನಿಮ್ಮದನ್ನ ನೀವೇ ಬಂದು ಹೇಳ್ಬೇಕು" ಎಂದರು ಒಂದು ದಿನ.

"ನಮ್ದೇನಿದೆ ಮೇಷ್ಟ್ರೆ ಹೇಳಕ್ಕೆ?"

"ಇಷ್ಟು ದಿನ ನಂಗೆ ಪಾಠ ಮಾಡಕ್ಕೆ ಬಿಡದೆ ಹೇಳ್ತಾ ಇದ್ದೆಯಲ್ಲ, ಅದನ್ನೇ ಹೇಳು."

ಕೂಲಿ ಇಲ್ಲ. ಮುಗಿದ ಮೇಲೆ ಮೇಷ್ಟ್ರ ಲೆಕ್ಕದಲ್ಲಿ ಬೆಲ್ಲದ ಕಾಫಿ. ನಾನು ಒಪ್ಪಿದ್ದು ಬೆಲ್ಲಕ್ಕೆ ಎಂದರೆ ಅದರಲ್ಲಿ ಸುಳ್ಳಿಲ್ಲ.

ಮೂವರು ಮೂರು ಕಡೆ ನಿಂತೆವು. ದೇವಸ್ಥಾನದ ಕಡೆಯ ತುದಿಯಲ್ಲಿ ಮೇಷ್ಟ್ರು. ನಡುವೆ ಕುದುರೆಗಳಿಗೆ ನೀರಿಡುವ ತೊಟ್ಟಿಯ ಹತ್ತಿರ ಒಬ್ಬ ಜಟಕಾ ಸಾಬರು, ಬ್ಲಾಕ್‌ಪಳ್ಳಿಯವರು. ಈಗ ಅದನ್ನೇ ಶಿವಾಜಿನಗರ ಅನ್ನುತ್ತೀರಿ. ಕುದುರೆ ವ್ಯಾಪಾರದವರು, ದರ್ಜಿಗಳು, ಬೇಕರಿಯವರು ದಂಡಿನ ಹಿಂದೆ ಹೇಗೆ ಬಂದು ನೆಲೆಯಾದರು ಎನ್ನುವುದು ಅವರ ಪಾಲು. ಏರಿ ತಿರುಗುವ ಕಡೆ, ಅರಳಿಮರದ ಕೆಳಗೆ ನಾನು. ಹಿಂದಿನವರಾಗಿದ್ದರೆ ಇಂಥದ್ದನ್ನೆಲ್ಲ ಕತ್ತಲಾದ ಮೇಲೆ ಹೇಳುತ್ತಿದ್ದರು. ಆದರೆ ಬಾಂಬು ಬೀಳುತ್ತದೆಂದು ಆಗ ಸಂಜೆ ಬೀದಿಯಲ್ಲಿ ದೀಪ ಉರಿಸುವಂತಿರಲಿಲ್ಲ, ಎಲ್ಲರೂ ಹೊತ್ತಿಗೆ ಮುಂಚೆ ಮನೆ ಸೇರಬೇಕಿತ್ತು. ಹೀಗಾಗಿ ಬಿಸಿಲಿರುವಾಗಲೇ ಹೇಳಿ ಮುಗಿಸುತ್ತಿದ್ದೆವು.

ಅರಳಿಮರದ ಬುಡದಲ್ಲಿ ಒಂದು ಕರಿಕಲ್ಲಿತ್ತು. ಅದರ ಮೈಗೆ ಅರಿಸಿನ ಕುಂಕುಮ, ತಲೆಗೆ ಯಾರೋ ಇಟ್ಟ ಕಣಗಲೆ ಹೂ. ನಾನು ಹೇಳುತ್ತಿದ್ದದ್ದು ಆ ಕಲ್ಲಿನ ವಿಚಾರ. ನನ್ನ ಗಂಡನ ಅಜ್ಜಿ ಆರ್ಕಾಟಿನ ಕಡೆಯಿಂದ ಪಲ್ಟನ್ನಿನ ಹಿಂದೆ ನಡೆದುಕೊಂಡು ಬಂದವಳು. ಅವಳ ಗಂಡ ಕುದುರೆಗಳಿಗೆ ಹುಲ್ಲು ಕೊಯ್ಯುವವನು. ಸಿಪಾಯಿಗೆ ಕುದುರೆ, ಕುದುರೆಗೆ ಹುಲ್ಲು, ಹುಲ್ಲಿಗೆ ನಾವು. ಅವಳು ತಲೆಯ ಮೇಲೆ ಬೇರೇನೂ ತರಲಿಲ್ಲ, ಖಾರ ಅರೆಯುವ ಕಲ್ಲು ತಂದಳು. ಪಲ್ಟನ್ನಿನವರು ತಮ್ಮ ಲೈನಿನೊಳಗೆ ನಿಮಗೆ ಜಾಗ ಇಲ್ಲ ಎಂದರು, ಊರಿನವರು ಬಾವಿಯ ಹತ್ತಿರ ಬರಬೇಡ ಎಂದರು. ಅವಳು ಏರಿಯ ಮೇಲೆ ಈ ಮರದ ಕೆಳಗೆ ಕಲ್ಲನ್ನು ಇಳಿಸಿ, ಕೆರೆಯ ನೀರು ತಂದು, ಅಲ್ಲೇ ಖಾರ ಅರೆಯಲು ಕೂತಳು. ವಾಸನೆ ಹಿಡಿದು ಪಲ್ಟನ್ನಿನ ಅಡುಗೆಯವರು ಬಂದರು. ಅವರ ಹಿಂದೆ ಒಂದು ಬೀದಿಯೇ ಹುಟ್ಟಿತು. ಅವಳು ಸತ್ತ ಮೇಲೆ ಕಲ್ಲು ಮರದ ಕೆಳಗೆ ಉಳಿಯಿತು. ಯಾರೋ ಕುಂಕುಮ ಹಚ್ಚಿದರು, ಇನ್ಯಾರೋ ಕೈ ಮುಗಿದರು. ಕೊನೆಗೆ ನಾನು ಯಾವಾಗಲೂ ಹೇಳುತ್ತಿದ್ದದ್ದು ಇಷ್ಟು: "ಇದು ದೇವರಲ್ಲ. ನಮ್ಮಜ್ಜಿ ಮೆಣಸಿನಕಾಯಿ ಅರೆದ ಕಲ್ಲು. ಬೇಕಾದರೆ ಮೂಸಿ ನೋಡಿ."

ಮೂಸುತ್ತಿದ್ದರು! ಪಂಜಾಬಿನ ದೊಡ್ಡ ಮೀಸೆಯವರೂ ಬಗ್ಗಿ ಮೂಸುತ್ತಿದ್ದರು.

ಬಿಳಿಯರಿಗೆ ನನ್ನ ಅಡುಗೆಮನೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನಮ್ಮಮ್ಮ ಬೆನ್ಸನ್ ಟೌನಿನ ಬಂಗಲೆಯೊಂದರಲ್ಲಿ ಆಯಾ ಆಗಿದ್ದಳು. ಆ ಇಂಗ್ಲಿಷಿನಲ್ಲಿ 'ಕಮ್', 'ಗೋ', 'ಡೋಂಟ್ ಟಚ್', 'ವೆರಿ ಹಾಟ್' ಇದ್ದವು. ಮೆಣಸಿನಕಾಯಿಯ ಚರಿತ್ರೆಗೆ ಅಷ್ಟು ಸಾಕು. ಮಿಕ್ಕದ್ದನ್ನು ಸಾಬರು ತೊಟ್ಟಿಯ ಹತ್ತಿರದಿಂದಲೇ ಕೂಗಿ ಹಿಂದೂಸ್ತಾನಿಯಲ್ಲಿ ಹೇಳುತ್ತಿದ್ದರು.

ಎರಡು ಭಾನುವಾರ ಸುಖವಾಗಿ ಕಳೆಯಿತು. ಆಮೇಲೆ ನಾನು ಅಲ್ಲಿ ಏನು ಮಾಡುತ್ತೇನೆಂದು ಅತ್ತೆಗೆ ಗೊತ್ತಾಯಿತು. ನಾನು ಹೋಗುವುದು ಅವರಿಗೆ ಮೊದಲೇ ಗೊತ್ತಿತ್ತು. ಏನೋ ಓದುವ ಕೆಲಸ ಅಂದುಕೊಂಡಿದ್ದರು.

"ಹಗಲೊತ್ತಲ್ಲಿ ಕಥೆ ಹೇಳ್ತಿದೀಯೇನೇ?"

"ಕಥೆ ಅಲ್ಲ ಅತ್ತೆ, ಚರಿತ್ರೆ. ನಡೆದಿದ್ದು."

"ನಿಂತ್ಕೊಂಡು ಕೈ ಆಡಿಸ್ಕೊಂಡು ಹೇಳ್ತೀಯೋ ಇಲ್ವೋ?"

"ಹೇಳ್ತೀನಿ."

"ಹಂಗಾದ್ರೆ ಕಥೆನೇ."

ಅತ್ತೆಯ ತವರಿನಲ್ಲಿ ಒಂದು ಮಾತಿತ್ತಂತೆ. ಹಗಲು ಕಥೆ ಹೇಳಿದರೆ ಆ ಮನೆಯವರು ಯಾರು ದಾರಿಯಲ್ಲಿರುತ್ತಾರೋ ಅವರಿಗೆ ದಾರಿ ತಪ್ಪುತ್ತದೆ. ನಮ್ಮ ಮನೆಯವನೊಬ್ಬ ಎಲ್ಲೋ ದಾರಿಯಲ್ಲಿದ್ದ. ಎಲ್ಲಿ ಎಂದು ಸರ್ಕಾರಕ್ಕೂ ಗೊತ್ತಿರಲಿಲ್ಲ.

ಮೇಷ್ಟ್ರು ಬಂದು ತಿಳಿಹೇಳಲು ನೋಡಿದರು. "ಬುದ್ಧನ್ನ ನಂಬಿದ ಮನೆಯಮ್ಮ ಇದು. ಶಕುನಕ್ಕೆಲ್ಲ ಹೆದರ್ಬಹುದೇ?"

"ಬುದ್ಧನೂ ಮನೆ ಬಿಟ್ಟು ಹೋದೋನೇ ಅಲ್ವಾ ಮೇಷ್ಟ್ರೆ? ಅವನ ಹೆಂಡ್ತೀನ ಕೇಳಿ ಹೆಂಗಿತ್ತು ಅಂತ" ಎಂದರು ಅತ್ತೆ. ಮೇಷ್ಟ್ರು ಕಾಫಿಯನ್ನೂ ಕುಡಿಯದೆ ಎದ್ದರು.

ನಾನು ಏರಿಗೆ ಹೋಗುವುದು ನಿಂತೇಹೋಯಿತು ಎಂದುಕೊಂಡೆ. ಸಿಟ್ಟು ಬಂದಿತ್ತು. ವಾರವೆಲ್ಲ ಪಾತ್ರೆ ತಿಕ್ಕುವವಳ ಮಾತಿಗೆ ಭಾನುವಾರ ಒಂದಿಷ್ಟು ಜನ ಕಿವಿಗೊಡುತ್ತಿದ್ದರು, ಅದೂ ಹೋಯಿತಲ್ಲ ಎಂದು. ಶನಿವಾರ ರಾಗಿ ಬೀಸುತ್ತ ಅತ್ತೆ ತಾವಾಗಿಯೇ ಮಾತು ತೆಗೆದರು. "ಒಂದು ದಾರಿ ಇದೆ. ನಮ್ಮಜ್ಜಿ ಹೇಳೋಳು. ಹಗಲು ಕಥೆ ಹೇಳಲೇಬೇಕು ಅಂತಾದ್ರೆ, ಕೇಳ್ದೋರನ್ನ ಕೈಹಿಡಿದು ಅವರ ದಾರೀಗೆ ಹಚ್ಚಿ ಬರ್ಬೇಕು. ನಾವು ಅವ್ರನ್ನ ದಾರೀಗೆ ಹಚ್ಚಿದ್ರೆ, ನಮ್ಮೋನ್ನ ಅಲ್ಲಿ ಯಾರೋ ಹಚ್ತಾರೆ."

"ಅಷ್ಟು ಜನಾನ ಯಾರು ಹಚ್ಚೋದು?"

"ನಿಂಗೆಲ್ಲಿ ಪುರುಸೊತ್ತು? ನಾನ್ ಬರ್ತೀನಿ."

ಹೀಗೆ ಅತ್ತೆ ಏರಿಗೆ ಬಂದರು. ನಾನು ಹೇಳಿ ಮುಗಿಸುವುದೇ ತಡ, ಸಿಪಾಯಿಯ ತೋಳು ಹಿಡಿದು ಎಳೆದುಕೊಂಡು ಹೊರಡುವರು. ಅವರು ಕುಳ್ಳಗಿದ್ದರು, ಸಿಪಾಯಿಗಳು ಎತ್ತರ. ಅವರಿಗೆ ಕಾಣುತ್ತಿದ್ದದ್ದು ಖಾಕಿ ತೋಳು ಮಾತ್ರ. ತಲೆಯೆತ್ತಿ ಮುಖ ನೋಡುತ್ತಿರಲಿಲ್ಲ. ಯಾಕೆ ನೋಡುವುದಿಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ನೋಡಿದ್ರೆ ಎಲ್ಲಾವೂ ಅವನ ಮುಖನೇ ಆಗುತ್ತೆ. ತೋಳು ಸಾಕು" ಎಂದಿದ್ದರು.

ಸಿಪಾಯಿಗಳಿಗೆ ಇದು ಬಲು ಹಿಡಿಸಿತು. ಚರಿತ್ರೆಯ ಕೊನೆಗೆ ಒಬ್ಬ ಮುದುಕಿ ಬಂದು ಕೈಹಿಡಿದು ನಡೆಸುವುದು ಈ ಊರಿನ ಪದ್ಧತಿ ಎಂದು ತಿಳಿದರು. ಕೆಲವರು ಅದಕ್ಕೆಂದೇ ಬರತೊಡಗಿದರು.

ಅತ್ತೆಯ ತಿಳಿವಳಿಕೆಯಲ್ಲಿ ಒಂದೇ ಊನವಿತ್ತು. ಖಾಕಿ ತೊಟ್ಟವರದೆಲ್ಲ ಒಂದೇ ಮನೆ ಎಂದು ಅವರು ನಂಬಿದ್ದರು. ಒಂದು ಭಾನುವಾರ ಯಾರಿಗೂ ತಿಳಿಯದ ಭಾಷೆಯ ಇಬ್ಬರು ಸಿಪಾಯಿಗಳನ್ನು ದೊಮ್ಮಲೂರಿನ ಕಡೆಯ ಬ್ಯಾರಕ್ಕಿನವರೆಗೂ ನಡೆಸಿಕೊಂಡು ಹೋಗಿ, ಗೇಟಿನೊಳಗೆ ತಳ್ಳಿ, "ನಿಮ್ಮ ಮಕ್ಳು, ನೋಡ್ಕೊಳಿ" ಎಂದು ಪಹರೆಯವನಿಗೆ ಹೇಳಿ ಬಂದರು. ಆ ಇಬ್ಬರ ಕ್ಯಾಂಪು ಇದ್ದದ್ದು ಬೆನ್ಸನ್ ಟೌನಿನ ಆಚೆ, ಪೂರಾ ಇನ್ನೊಂದು ದಿಕ್ಕಿಗೆ. ಮುದುಕಿಗೆ ಬೇಡ ಅನ್ನಬಾರದೆಂದು ಪಾಪ ಅವರು ಹೋದದ್ದು. ಇವರು ಯಾರು, ಯಾಕೆ ಒಳಗೆ ಬಂದರು ಎಂದು ವಿಚಾರಣೆಯಾಗಿ, ಅವರು ತಮ್ಮ ಕ್ಯಾಂಪು ಸೇರುವಾಗ ಹೊತ್ತು ಮೀರಿತ್ತಂತೆ.

ಮುಂದಿನ ಭಾನುವಾರ ಕೆಂಪು ಟೊಪ್ಪಿಯ ಮಿಲಿಟರಿ ಪೊಲೀಸಿನವನು ಏರಿಗೆ ಬಂದ. ಮೇಷ್ಟ್ರು ಸಾಬರ ಬೆನ್ನಿಗೆ ಹೋಗಿ ನಿಂತರು. ಸಾಬರೇ ಅವನ ಹತ್ತಿರ ಹಿಂದೂಸ್ತಾನಿಯಲ್ಲಿ ಮಾತಾಡಿದರು.

"ಕ್ಯಾ ಬೋಲ್ತಾ ಹೈ?" ಏನು ಹೇಳುತ್ತಾನೆ ಎಂದು ಅತ್ತೆಯೂ ಸಾಬರನ್ನು ಅವರದೇ ಭಾಷೆಯಲ್ಲಿ ಕೇಳಿದರು.

"ಸಿಪಾಯಿಗಳು ಬರ್ಬೋದಂತೆ, ಕೇಳ್ಬೋದಂತೆ ಅಮ್ಮಾಜಿ. ಅವ್ರನ್ನ ಕದ್ಕೊಂಡು ಹೋಗ್ಬಾರ್ದಂತೆ, ಅಷ್ಟೇ."

ಸಾಬರು ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಮನೆಗೆ ಬಂದು ಗೋಡೆಗೆ ಒರಗಿ ಕೂತವರು, "ಇಬ್ರು ತಾಯಂದ್ರ ಮಕ್ಳನ್ನ ನನ್ ಕೈಯಾರೆ ದಾರಿ ತಪ್ಪಿಸ್ಬಿಟ್ನಲ್ಲೇ. ಅಲ್ಲಿ ಅವನ್ನೂ ಯಾರೋ ಹಿಂಗೇ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಆ ವಾರ ಅವರು ಮುದ್ದೆ ಮುರಿದು ತಟ್ಟೆಯಲ್ಲಿ ಇಟ್ಟದ್ದೇ ಹೆಚ್ಚು, ನುಂಗಿದ್ದು ಕಡಿಮೆ. ಮಿಕ್ಕದ್ದನ್ನು ಕೋಳಿ ತಿಂದು ದಪ್ಪಗಾಯಿತು.

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಸಾಬರನ್ನು ಮನೆಗೆ ಕರೆತಂದೆ. ದಾರಿಯ ವಿಚಾರ ಅವರ ಕಸುಬು ತಾನೆ?

"ಅಮ್ಮಾಜಿ, ಮನೆ ಬಾಗ್ಲವರೆಗೂ ಬಿಡಕ್ಕೆ ಹೋಗಿದ್ದೇ ತಪ್ಪು. ಏರಿ ಇಳಿದ್ರೆ ಮೂರು ದಾರಿ ಕೂಡತ್ತಲ್ಲ, ಅಲ್ಲಿ ನಿಲ್ಸಿ, ಮೂತಿ ಸರಿಯಾದ ಕಡೆ ತಿರುಗ್ಸಿ. ಬಸ್. ಮಿಕ್ಕಿದ್ದು ಅವರ ಕಾಲಿನ ಕೆಲ್ಸ. ನನ್ ಕುದುರೆಗೂ ನಾನು ಅಷ್ಟೇ ಮಾಡೋದು."

"ಯಾವ ಮೂತಿ ಯಾವ ಕಡೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಖಾಕಿ ಇದ್ರೆ ಸ್ಟೇಷನ್ ದಾರಿ. ದಂಡಿನ ಸ್ಟೇಷನ್ ಮುಟ್ಟಿದ್ರೆ ಅವರಿಗೆ ಎಲ್ಲಾ ಗೊತ್ತಾಗುತ್ತೆ. ಗಂಟುಮೂಟೆ ಇದ್ರೆ ಕೃಷ್ಣರಾಜಪುರದ ದಾರಿ, ಅವರು ಊರಿಗೆ ಹೋಗೋರು."

"ಎರಡೂ ಇಲ್ದಿದ್ರೆ?"

"ಪೇಟೆಯೋರು. ಅವ್ರು ದಾರಿ ತಪ್ಪಿದ್ರೂ ಪರ್ವಾಗಿಲ್ಲ."

ಅತ್ತೆ ಅವತ್ತು ಮುದ್ದೆಯನ್ನು ಪೂರ್ತಿ ಉಂಡರು. ಭಾನುವಾರ ಮತ್ತೆ ಏರಿಗೆ ಬಂದರು. ಖಾಕಿಗೆ ಸ್ಟೇಷನ್, ಗಂಟಿಗೆ ಕೃಷ್ಣರಾಜಪುರ. ತೋಳು ಹಿಡಿದು ಕೂಡುದಾರಿಗೆ ತಂದು, ಎರಡೂ ಭುಜ ಹಿಡಿದು ತಿರುಗಿಸಿ, ಬೆನ್ನಿಗೊಂದು ತಳ್ಳು. ನನಗಿಂತ ಅವರಿಗೇ ಹೆಚ್ಚು ದಣಿವು. ಮೇಷ್ಟ್ರು ಕಾಫಿಯನ್ನು ಅವರಿಗೇ ಮೊದಲು ಕೊಡತೊಡಗಿದರು.

ಹೀಗೆ ಮಳೆಗಾಲ ಮುಗಿಯಿತು. ನನ್ನ ಗಂಡನ ಸುದ್ದಿ ಬರಲಿಲ್ಲ.

ಬಿಸಿಲು ಚೆನ್ನಾಗಿದ್ದ ಒಂದು ಭಾನುವಾರ. ಜನ ತುಂಬಿದ್ದರು. ಮುಂದೆ ಒಬ್ಬ ಮುದುಕ ಮುದುಕಿ ನಿಂತಿದ್ದರು. ಹಲಸೂರಿನ ನೆಂಟರ ಮನೆಗೆ ಬಂದವರು, ಮರುದಿನ ಬೆಳಗ್ಗೆ ಸಾಬರ ಜಟಕಾದಲ್ಲಿ ಕೃಷ್ಣರಾಜಪುರಕ್ಕೆ ಹೊರಡುವವರು. ಸಾಬರೇ ಅವರನ್ನು ಕರೆತಂದು ನಿಲ್ಲಿಸಿದ್ದರು. ಅಜ್ಜಿ ಆರ್ಕಾಟಿನಿಂದ ಹೊರಟಳು, ನಡೆದಳು, ಮರದ ಕೆಳಗೆ ಕಲ್ಲನ್ನು ಇಳಿಸಿದಳು. ಅಷ್ಟರವರೆಗೆ ಹೇಳಿದ್ದೆ. ಜನರ ಹಿಂದೆ ಒಬ್ಬ ಸಿಪಾಯಿ ಬಂದು ನಿಂತ. ತೆಳ್ಳಗೆ, ಕರ್ರಗೆ, ಹೆಗಲಲ್ಲಿ ಚೀಲ. ನೋಡಿದರೆ ನನ್ನ ಗಂಡ.

ನನಗೆ ಮುಂದಿನದೆಲ್ಲ ಮರೆತುಹೋಯಿತು. ಅದೊಂದೇ ಸಲ. "ಅಷ್ಟೇ. ಕಲ್ಲು ಇಲ್ಲೇ ಇದೆ. ಹೋಗಿ" ಎಂದುಬಿಟ್ಟೆ.

ಮುಂದೆ ನಿಂತ ಮುದುಕಿಗೆ ಎಷ್ಟು ಅರ್ಥವಾಯಿತೋ, ಕಲ್ಲಿನ ಮುಂದೆ ಅಡ್ಡಬಿದ್ದು, ತುರುಬಿನ ಹೂ ತೆಗೆದು ಅದರ ತಲೆಗಿಟ್ಟಳು. ನಾನು ತಡೆಯಲಿಲ್ಲ. ನಾನು ನೋಡುತ್ತಿದ್ದದ್ದು ಅತ್ತೆಯನ್ನು. ಅತ್ತೆ ಎಂದಿನಂತೆ ಜನರ ನಡುವೆ ನುಗ್ಗಿ, ಸಿಕ್ಕ ಮೊದಲ ಖಾಕಿ ತೋಳನ್ನು ಹಿಡಿದು ಎಳೆದುಕೊಂಡು ಹೊರಟರು. ಅದು ಅವನ ತೋಳು.

ಅವನಾದರೂ ಬಾಯಿ ಬಿಡಬೇಡವೇ? ಬಿಡಲಿಲ್ಲ. ಮನೆಗೆ ಹೋದರೆ ಬೀಗ; ಪಕ್ಕದವಳು "ಇಬ್ರೂ ಏರಿ ಮೇಲೆ ದಂಡಿಗೆ ಕಥೆ ಹೇಳ್ತವ್ರೆ" ಎಂದಿದ್ದಾಳೆ. ಬಂದರೆ ಹೆಂಡತಿ ತನ್ನ ಅಜ್ಜಿಯ ವಿಚಾರವನ್ನು ಗೂರ್ಖರಿಗೆ ಹೇಳುತ್ತಿದ್ದಾಳೆ, ತಾಯಿ ಮುಖ ನೋಡದೆ ಎಳೆದುಕೊಂಡು ಹೋಗುತ್ತಿದ್ದಾಳೆ. ತನ್ನನ್ನು ಮನೆಗೇ ಕರೆದೊಯ್ಯುತ್ತಿದ್ದಾಳೆ ಎಂದುಕೊಂಡು ಹಿಂದೆ ಹೋದನಂತೆ. ಅಮ್ಮನಿಗೆ ಸಿಟ್ಟು ಬಂದಿದೆ, ಅದಕ್ಕೇ ಮಾತಿಲ್ಲ ಎಂದುಕೊಂಡನಂತೆ.

ಕೂಡುದಾರಿಯಲ್ಲಿ ನಡೆದದ್ದನ್ನು ಸಾಬರು ನೋಡಿದರು. ಸಾಯುವವರೆಗೂ ಅದನ್ನೇ ಹೇಳಿದರು, ತಮ್ಮ ಪಾಲಿನ ಚರಿತ್ರೆಗೆ ಸೇರಿಸಿಕೊಂಡು.

ಅತ್ತೆ ಅವನ ಭುಜ ಹಿಡಿದು ಸ್ಟೇಷನ್ನಿನ ಕಡೆ ತಿರುಗಿಸಿದರಂತೆ. ಕೈಗೆ ಚೀಲ ತಗುಲಿತು. ಖಾಕಿಯೂ ಇದೆ, ಗಂಟೂ ಇದೆ! ಕೃಷ್ಣರಾಜಪುರದ ಕಡೆ ತಿರುಗಿಸಿದರು. ಮತ್ತೆ ಸ್ಟೇಷನ್ ಕಡೆ. ಕೊನೆಗೆ ಸೋತು, ತೋಳನ್ನೇ ನೋಡುತ್ತ ಕೇಳಿದರಂತೆ:

"ಎಲ್ಲಿಗೋ ಹೋಗ್ಬೇಕು ನೀನು?"

"ಮನೇಗೆ ಅಮ್ಮ."

ಆಗ ತಲೆಯೆತ್ತಿದರಂತೆ. ಮುಖ ನೋಡಿದರಂತೆ. ಆಮೇಲೆ ಅವನ ತೋಳಿಗೆ ಫಟ್ಟನೆ ಒಂದು ಕೊಟ್ಟರಂತೆ.

"ಬಾಯಿರ್ಲಿಲ್ವೇನೋ ನಿಂಗೆ? ಇಲ್ಲೀಗಂಟ ಬಸವನ ಥರ ಬಂದಿದೀಯಲ್ಲ!"

"ನೀನೇ ಎಳ್ಕೊಂಡ್ ಬಂದೆ."

"ಸರಿ, ಮನೇಗೆ ಹೋಗು. ಬೀಗದ ಕೈ ಸೂರಲ್ಲಿದೆ."

"ನೀನು ಬರಲ್ವಾ?"

"ನಿಂಗೆ ದಾರಿ ಗೊತ್ತಲ್ಲ. ಮೇಲೆ ನಿಂತಿರೋರಿಗೆ ಗೊತ್ತಿಲ್ಲ."

ಸೆರಗು ಬಿಗಿದುಕೊಂಡು ಏರಿ ಹತ್ತಿ ಬಂದರು. ನನ್ನನ್ನು ನೋಡಿ, "ಬಂದಿದಾನೆ" ಎಂದರು. "ನೋಡ್ದೆ" ಎಂದೆ. ಮುಂದಿನ ಖಾಕಿ ತೋಳನ್ನು ಹಿಡಿದರು. ಆದರೆ ಅವತ್ತು ಒಬ್ಬೊಬ್ಬರ ಮುಖವನ್ನೂ ಕತ್ತು ನೋಯುವಷ್ಟು ಎತ್ತಿ ನೋಡಿಯೇ ಕಳಿಸಿದರು.

ಮನೆಗೆ ಬಂದಾಗ ಅವನು ಒಲೆ ಹಚ್ಚಿ ಸಾರು ಮಾಡಿಟ್ಟಿದ್ದ. ಯುದ್ಧಕ್ಕೆ ಹೋಗಿ ಬಂದ ಮೇಲೂ ಉಪ್ಪು ಹೆಚ್ಚೇ. ಒಂದು ತಿಂಗಳ ರಜೆ ಎಂದ. ಆಮೇಲೆ ಮತ್ತೆ ಎಲ್ಲಿಗೆ ಎಂದು ಅವನಿಗೂ ಗೊತ್ತಿರಲಿಲ್ಲ.

"ಹಂಗಾದ್ರೆ ಏರಿ ಬಿಡಂಗಿಲ್ಲ" ಎಂದರು ಅತ್ತೆ.

"ಅಪ್ಪ ಹೇಳ್ತಿರ್ಲಿಲ್ವಾ ಅಮ್ಮ, ಶಕುನ ಗಿಕುನ ಈ ಮನೇಲಿಲ್ಲ ಅಂತ?"

"ನೀನು ಬಂದಿದೀಯ ತಾನೆ? ಸುಮ್ನೆ ಉಣ್ಣು."

ಅವನು ಉಣ್ಣುತ್ತ ನನ್ನನ್ನು ಕೇಳಿದ. "ಅಜ್ಜಿ ಕಲ್ಲಿಳಿಸಿದ್ಮೇಲೆ ಖಾರ ಅರೀಬೇಕಲ್ಲ? ಅಡುಗೆಯೋರು ಬರ್ಬೇಕಲ್ಲ? ನೀನು ಅಲ್ಲಿಗೇ ಬಿಟ್ಬಿಟ್ಟೆ. ಆ ಮುದುಕಮ್ಮ ಅಡ್ಡಬಿದ್ದು ಹೂ ಬೇರೆ ಇಟ್ಳು."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಅರ್ಧಕ್ಕೆ ಬಿಟ್ಯೇನೇ? ಕೇಳ್ದೋರು ಅರ್ಧ ದಾರೀಲಿ ನಿಂತಂಗಲ್ವೇ?"

"ನಿಮ್ ಮಗ ಬಂದು ಎದುರಿಗೆ ನಿಂತ್ರೆ ಇನ್ನೇನ್ ಮಾಡ್ಲಿ?"

ಅವರು ನನ್ನನ್ನೊಮ್ಮೆ ನೋಡಿ, ಒಂದು ಸೌಟು ಸಾರು ಹೆಚ್ಚಿಗೆ ಬಡಿಸಿದರು. ಅಷ್ಟು ಉಪ್ಪಿನ ಸಾರನ್ನು ಪ್ರೀತಿಗೆ ಬಡಿಸಿದರೋ ಸಿಟ್ಟಿಗೆ ಬಡಿಸಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಗ್ಗೆ ಎದ್ದವಳು ಮುಖ ತೊಳೆದು ನೇರ ಸಾಬರ ಜಟಕಾ ಹುಡುಕಿಕೊಂಡು ಹೋದೆ. ಕೂಡುದಾರಿಯಲ್ಲಿ ಸಿಕ್ಕಿತು. ಮುದುಕ ಮುದುಕಿ ಗಂಟುಗಳ ನಡುವೆ ಕೂತಿದ್ದರು. "ಸ್ವಲ್ಪ ನಿಧಾನಕ್ಕೆ ಹೊಡೀರಿ" ಎಂದು ಸಾಬರಿಗೆ ಹೇಳಿ, ಗಾಲಿಯ ಪಕ್ಕ ನಡೆಯುತ್ತ ಮಿಕ್ಕ ಅರ್ಧ ಹೇಳಿದೆ. ಬಾವಿ, ಕೆರೆಯ ನೀರು, ಖಾರ, ಅಡುಗೆಯವರು, ಬೀದಿ. ಕೊನೆಗೆ, "ಅದು ದೇವರಲ್ಲಮ್ಮ, ಮೆಣಸಿನಕಾಯಿ ಅರೆದ ಕಲ್ಲು" ಎಂದೆ.

ಮುದುಕಿ ಗಂಟುಗಳ ಮೇಲಿಂದ ನನ್ನ ಕಡೆ ಬಗ್ಗಿದಳು. "ಅಷ್ಟು ದೂರ ತಲೆ ಮೇಲೆ ಹೊತ್ಕೊಂಡ್ ಬಂದಿದ್ಳಾ?"

"ಹೊತ್ಕೊಂಡ್ ಬಂದಿದ್ಳು."

"ಹಂಗಾದ್ರೆ ಹೂ ಅಲ್ಲೇ ಇರ್ಲಿ ಬಿಡು. ವಾಪಸ್ ತಗೊಳಲ್ಲ."

ಸಾಬರು ಹೋ ಎಂದು ನಕ್ಕರು. ಕುದುರೆ ನಿಂತಿತು. ನಾನು ಅದರ ಲಗಾಮು ಹಿಡಿದು ಮೂತಿಯನ್ನು ಕೃಷ್ಣರಾಜಪುರದ ಕಡೆ ತಿರುಗಿಸಿ, ಬೆನ್ನಿಗೊಂದು ತಟ್ಟಿ, ಮನೆಗೆ ನೀರು ತರಲು ಹೋದೆ.